ಜೋರ್ ಒಗದ್ರ ಸಾಕೇನ್ರಿ?

ಕಡಲೆ ಕಿತ್ತು, ಜೋಳ ಕೊಯ್ದು, ರಾಶಿ ಮುಗಿಯಿತೆಂದರೆ ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳು ಬಯಲಾಗುತ್ತವೆ. ಕುಂದಗೋಳದಲ್ಲಿ ಮೆಣಸಿನಕಾಯಿ ಬಿಡಿಸಿ ಆಗಿರುತ್ತದೆ. ಕಲಘಟಗಿಯ ಭತ್ತದ ಗದ್ದೆಗಳು ಒಣಗಿ ಗಟ್ಟಿಯಾಗಿರುತ್ತವೆ. ಆಮೇಲೆ ಮೂರು ಕೋಲು ನೆಟ್ಟರೆ ಸಾಕು, ಕ್ರಿಕೆಟ್ ಮೈದಾನ ತಯಾರು. ಪ್ರತಿ ಊರಿನ ತಂಡದಲ್ಲೂ ದೂರದಿಂದ ಓಡಿಬಂದು ಸುಂಯ್ ಎಂದು ಚೆಂಡು ಒಗೆಯುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: "ಸರ್, ಬರೇ ಜೋರ್ ಒಗದ್ರ ಸಾಕೇನ್ರಿ? ಬ್ಯಾರೆ ಏನೂ ಕಲಿಯೂದು ಬ್ಯಾಡಲ್ರಿ?"

ಅಮೆರಿಕದ ಮಕ್ಕಳೂ ಇದನ್ನೇ ಕೇಳುತ್ತಾರೆ. ಅವರ ಆಟ ಬೇಸ್‌ಬಾಲ್. ಅಲ್ಲಿ ಚೆಂಡು ಎಸೆಯುವವರನ್ನು ಪಿಚರ್ ಎನ್ನುತ್ತಾರೆ, ಅವರ ಅತಿ ವೇಗದ ಎಸೆತಕ್ಕೆ ಫಾಸ್ಟ್‌ಬಾಲ್ ಎಂದು ಹೆಸರು. ಆಟ ಬೇರೆ, ನಿಯಮ ಬೇರೆ. ಆದರೆ ಎರಡು ಆಟದಲ್ಲೂ ಚೆಂಡನ್ನು ಎದುರಿಸುವುದು ಮನುಷ್ಯನ ಕಣ್ಣು ಮತ್ತು ಮೆದುಳು. ಹಾಗಾಗಿ ಉತ್ತರವೂ ಒಂದೇ ಕಡೆ ಸಿಗುತ್ತದೆ.

ಅರ್ಧ ಸೆಕೆಂಡಿನ ಲೆಕ್ಕ

ಕ್ರಿಕೆಟ್ ಪಿಚ್‌ನ ಉದ್ದ 22 ಗಜ, ಅಂದರೆ ಸುಮಾರು 20 ಮೀಟರ್. ಆದರೆ ಬೌಲರ್ ಕಾಲು ಮುಂದಿಟ್ಟು ಚೆಂಡು ಬಿಡುತ್ತಾನೆ, ಬ್ಯಾಟ್ಸ್‌ಮನ್ ಕೂಡ ವಿಕೆಟ್‌ಗಿಂತ ಮುಂದೆ ನಿಂತಿರುತ್ತಾನೆ. ಒಂದು ಕ್ರೀಸಿನಿಂದ ಇನ್ನೊಂದು ಕ್ರೀಸಿಗೆ ಉಳಿಯುವ ಅಂತರ ಸುಮಾರು 17.7 ಮೀಟರ್. ಬೇಸ್‌ಬಾಲ್‌ನಲ್ಲಿ ಈ ಅಂತರ 18.44 ಮೀಟರ್. ಎರಡೂ ಹತ್ತಿರ ಹತ್ತಿರವೇ ಇವೆ.

ಗಂಟೆಗೆ 140 ಕಿ.ಮೀ. ವೇಗದ ಚೆಂಡು ಒಂದು ಸೆಕೆಂಡಿಗೆ ಸುಮಾರು 39 ಮೀಟರ್ ಓಡುತ್ತದೆ. 17.7 ಮೀಟರ್ ದಾಟಲು ಅದಕ್ಕೆ 0.45 ಸೆಕೆಂಡು ಸಾಕು. ಗಾಳಿಯ ತಡೆ, ನೆಲಕ್ಕೆ ಬಿದ್ದು ಕಳೆದುಕೊಳ್ಳುವ ವೇಗ ಎರಡನ್ನೂ ಸೇರಿಸಿದರೆ ಹೆಚ್ಚೂಕಡಿಮೆ ಅರ್ಧ ಸೆಕೆಂಡು.

ಈಗ ನಿಮ್ಮ ಕಡೆಯ ಲೆಕ್ಕ. ಗೆಳೆಯನೊಬ್ಬ 30 ಸೆಂಟಿಮೀಟರ್ ಅಳತೆಪಟ್ಟಿಯನ್ನು ನೆಟ್ಟಗೆ ತೂಗಿ ಹಿಡಿಯಲಿ. ಕೆಳಗಡೆ, ಸೊನ್ನೆ ಇರುವಲ್ಲಿ, ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಪಟ್ಟಿಗೆ ತಾಗಿಸದೆ ಇಡಿ. ಆತ ಹೇಳದೆ ಕೇಳದೆ ಪಟ್ಟಿ ಬಿಟ್ಟುಬಿಡಲಿ, ನೀವು ಹಿಡಿಯಿರಿ. 20 ಸೆಂಟಿಮೀಟರ್ ಗುರುತಿನ ಹತ್ತಿರ ಹಿಡಿದರೆ, ನಿಮ್ಮ ಕಣ್ಣು ಕಂಡದ್ದು ಬೆರಳಿಗೆ ತಲುಪಲು 0.2 ಸೆಕೆಂಡು ಬೇಕಾಯಿತು ಎಂದು ಅರ್ಥ. ಬಹಳ ಜನರದು ಇದರ ಆಸುಪಾಸಿನಲ್ಲೇ ಇರುತ್ತದೆ.

ಅರ್ಧ ಸೆಕೆಂಡಿನಲ್ಲಿ 0.2 ಸೆಕೆಂಡು ಹೀಗೆ ಹೋಯಿತು. ಬ್ಯಾಟ್ ಬೀಸಲು ಇನ್ನಷ್ಟು ಹೊತ್ತು ಬೇಕು. ಉಳಿದದ್ದು ಎಷ್ಟು? ತೀರಾ ಕಡಿಮೆ. ಆದ್ದರಿಂದ ಬ್ಯಾಟ್ಸ್‌ಮನ್ ಚೆಂಡು ಬ್ಯಾಟಿಗೆ ಬರುವವರೆಗೂ ನೋಡುತ್ತ ನಿಲ್ಲುವುದಿಲ್ಲ, ನಿಲ್ಲಲಾರ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಎಂಬ ವಿಜ್ಞಾನಿಗಳು ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದು 2000ದಲ್ಲಿ ಪ್ರಕಟಿಸಿದರು. ಒಳ್ಳೆಯ ಬ್ಯಾಟ್ಸ್‌ಮನ್ ಚೆಂಡು ಹೊರಟದ್ದನ್ನು ನೋಡುತ್ತಾನೆ. ಆಮೇಲೆ ಅವನ ಕಣ್ಣು ಚೆಂಡನ್ನು ಬಿಟ್ಟು, ಅದು ನೆಲಕ್ಕೆ ಬೀಳುವ ಜಾಗಕ್ಕೆ ಮೊದಲೇ ನೆಗೆದು ಅಲ್ಲಿ ಕಾಯುತ್ತದೆ! ಅಂದರೆ ಅವನು ಊಹೆಯ ಮೇಲೆ ಆಡುತ್ತಾನೆ.

ಊಹೆಯನ್ನು ಕೆಡಿಸುವುದು ಹೇಗೆ?

ವೇಗದ ಚೆಂಡು ಊಹಿಸುವ ಸಮಯವನ್ನು ಕಸಿಯುತ್ತದೆ. ಇದು ವೇಗದ ದೊಡ್ಡ ಲಾಭ, ಸುಳ್ಳಲ್ಲ. ಮೊದಲ ಸಲ ಎದುರಿಸುವವನಿಗೆ ಗಾಬರಿ ಆಗಿಯೇ ಆಗುತ್ತದೆ. ಆದರೆ ಮೆದುಳು ಬೇಗ ಕಲಿಯುತ್ತದೆ. ದಿನವೂ ಒಂದೇ ಹೊತ್ತಿಗೆ ಬರುವ ಬಸ್ಸು ಎಷ್ಟೇ ಜೋರಾಗಿ ಬರಲಿ, ಅದನ್ನು ಹತ್ತುವವರು ಸಮಯಕ್ಕೆ ಸರಿಯಾಗಿ ನಿಂತಿರುತ್ತಾರೆ. ಒಂದೇ ವೇಗದ ಆರು ಎಸೆತ ನೋಡಿದ ಬ್ಯಾಟ್ಸ್‌ಮನ್ ಏಳನೆಯದಕ್ಕೆ ಹಾಗೆಯೇ ಸಿದ್ಧನಾಗಿರುತ್ತಾನೆ.

ಆ ಏಳನೆಯ ಚೆಂಡು 140ರ ಬದಲು 120ರಲ್ಲಿ ಬಂದರೆ? ಅದೇ ಅಂತರ ದಾಟಲು ಅದಕ್ಕೆ 0.53 ಸೆಕೆಂಡು ಬೇಕು. ವ್ಯತ್ಯಾಸ ಬರೀ 0.08 ಸೆಕೆಂಡು, ಕಣ್ಣು ಮಿಟುಕಿಸುವಷ್ಟೂ ಇಲ್ಲ. ಆದರೆ ಬೀಸಿದ ಬ್ಯಾಟ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿದ್ದರೆ ಅಷ್ಟರಲ್ಲಿ ಅದು ಒಂದೂವರೆ ಮೀಟರಿಗೂ ಹೆಚ್ಚು ಮುಂದೆ ಹೋಗಿಬಿಟ್ಟಿರುತ್ತದೆ. ಚೆಂಡು ಬರುವ ಹೊತ್ತಿಗೆ ಬ್ಯಾಟ್ ಅಲ್ಲಿಲ್ಲ. ಒಂದೋ ಕ್ಯಾಚ್, ಇಲ್ಲವೇ ಬೌಲ್ಡ್.

ಗಮನಿಸಿ, ಇಲ್ಲಿ ವಿಕೆಟ್ ಕೊಟ್ಟದ್ದು ನಿಧಾನದ ಚೆಂಡು. ಆದರೆ ಅದಕ್ಕೆ ಮೊದಲು ಜೋರಾಗಿ ಬಂದ ಆರು ಚೆಂಡುಗಳೇ ಅದಕ್ಕೆ ಬಲ ಕೊಟ್ಟವು. ಬರೀ ನಿಧಾನದ ಚೆಂಡನ್ನೇ ಎಸೆಯುತ್ತಿದ್ದರೆ ಬ್ಯಾಟ್ಸ್‌ಮನ್ ಅದಕ್ಕೂ ಒಗ್ಗಿಕೊಳ್ಳುತ್ತಿದ್ದ.

ತೋಳು ಅದೇ, ಬೆರಳು ಬೇರೆ

ನಿಧಾನದ ಎಸೆತಕ್ಕೆ ತೋಳನ್ನು ನಿಧಾನ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ತೋಳಿನ ವೇಗ ಹಾಗೇ ಇರಬೇಕು, ಚೆಂಡಿಗೆ ಸಿಗುವ ವೇಗ ಮಾತ್ರ ಕಡಿಮೆಯಾಗಬೇಕು. ಅದು ಹೇಗೆ? ಜೋರಾದ ಎಸೆತದಲ್ಲಿ ಬೆರಳುಗಳು ಚೆಂಡಿನ ನೇರ ಹಿಂದಿರುತ್ತವೆ, ಪೂರ್ತಿ ಬಲ ಮುಂದಕ್ಕೆ ಹೋಗುತ್ತದೆ. ಬೆರಳುಗಳನ್ನು ಚೆಂಡಿನ ಪಕ್ಕಕ್ಕೆ ಸರಿಸಿ ಉಜ್ಜಿದರೆ ಬಲದ ಒಂದು ಪಾಲು ಚೆಂಡನ್ನು ತಿರುಗಿಸಲು ಖರ್ಚಾಗುತ್ತದೆ. ಇದು ಕಟರ್. ಚೆಂಡನ್ನು ಬೆರಳ ತುದಿಯ ಬದಲು ಅಂಗೈಯೊಳಗೆ ಹುದುಗಿಸಿ ಎಸೆದರೂ ವೇಗ ತಗ್ಗುತ್ತದೆ. ಬೇಸ್‌ಬಾಲ್‌ನ ಚೇಂಜ್‌ಅಪ್ ಎಂಬ ಎಸೆತದ ಉಪಾಯವೂ ಇದೇ.

ಇನ್ನೊಂದು ದಾರಿ ಸ್ವಿಂಗ್. ಹೊಸ ಚೆಂಡಿನ ಹೊಲಿಗೆಯನ್ನು ಸ್ವಲ್ಪ ಓರೆಯಾಗಿ ಹಿಡಿದು ಎಸೆದರೆ, ಹೊಲಿಗೆ ಇರುವ ಬದಿಯಲ್ಲಿ ಗಾಳಿ ಕಲಕಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಹರಿಯುತ್ತದೆ, ನುಣುಪಾದ ಬದಿಯಲ್ಲಿ ಬೇಗ ಬಿಟ್ಟುಹೋಗುತ್ತದೆ. ಹೀಗೆ ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸವಾಗಿ ಚೆಂಡು ಗಾಳಿಯಲ್ಲೇ ಬಾಗುತ್ತದೆ. ನಾಸಾದಲ್ಲಿ ಕೆಲಸ ಮಾಡಿದ ರಬೀಂದ್ರ ಮೆಹ್ತಾ ಮತ್ತು ಅವರ ಸಂಗಡಿಗರು ಗಾಳಿಸುರಂಗದಲ್ಲಿ ಪರೀಕ್ಷಿಸಿದಾಗ ಹೊಸ ಚೆಂಡು ಹೆಚ್ಚು ಬಾಗಿದ್ದು ಗಂಟೆಗೆ ಸುಮಾರು 110 ಕಿ.ಮೀ. ವೇಗದಲ್ಲಿ. ಅದಕ್ಕಿಂತ ಬಹಳ ಜೋರಾದರೆ ಈ ಬಾಗು ಕಡಿಮೆಯಾಗುತ್ತದೆ. ವೇಗ ಕಡಿಮೆ ಎಂದು ಬೇಸರಪಡುವ ಮಕ್ಕಳಿಗೆ ಇದು ಸಿಹಿಸುದ್ದಿ.

ನಮ್ಮವರು ಏನು ಮಾಡಿದರು?

ಮೈಸೂರಿನ ಜಾವಗಲ್ ಶ್ರೀನಾಥ್ ಭಾರತ ಕಂಡ ಅತಿ ವೇಗದ ಬೌಲರ್‌ಗಳಲ್ಲಿ ಒಬ್ಬರು. ಟೆಸ್ಟ್‌ನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದರು. ಅಷ್ಟು ವೇಗ ಇದ್ದರೂ ಅವರು ಒಳಕ್ಕೆ ನುಗ್ಗುವ ಚೆಂಡು, ಕಟರ್, ನಿಧಾನದ ಚೆಂಡು ಎಲ್ಲವನ್ನೂ ಬಳಸಿದರು. ಅವರ ಜೊತೆಗಾರ ಬೆಂಗಳೂರಿನ ವೆಂಕಟೇಶ್ ಪ್ರಸಾದ್‌ಗೆ ಅಂಥ ವೇಗ ಇರಲಿಲ್ಲ. ಅವರ ಆಯುಧ ಲೆಗ್ ಕಟರ್ ಮತ್ತು ನಿಧಾನದ ಚೆಂಡು. 1999ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಮ್ಯಾಂಚೆಸ್ಟರ್‌ನಲ್ಲಿ 27 ರನ್ ಕೊಟ್ಟು 5 ವಿಕೆಟ್ ಕಿತ್ತರು. ವಿನಯ್ ಕುಮಾರ್‌ಗೆ 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಹೆಸರಿದ್ದರೂ ಅವರು ಮಧ್ಯಮ ವೇಗದವರೇ. ಸರಿಯಾದ ಜಾಗಕ್ಕೆ ಚೆಂಡು ಹಾಕುವ ಶಿಸ್ತು, ಸ್ವಿಂಗ್, ಇವೆರಡರ ಬಲದಿಂದ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 500ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ರಣಜಿ ಟ್ರೋಫಿ ಗೆದ್ದಿತು.

ನಿಮ್ಮ ಪಕ್ಕದ ಗದಗಿನ ಸುನೀಲ್ ಜೋಶಿ ಚಿಕ್ಕಂದಿನಲ್ಲಿ ಬೆಳಿಗ್ಗೆ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ಅಣ್ಣಿಗೇರಿ ಇರುವುದು ಅದೇ ದಾರಿಯಲ್ಲಿ. ಅವರು ಸ್ಪಿನ್ ಬೌಲರ್. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದರು. ವೇಗವೇ ಇಲ್ಲದ ಎಸೆತಕ್ಕೂ ದೊಡ್ಡ ಬ್ಯಾಟ್ಸ್‌ಮನ್‌ಗಳು ಸೋಲುತ್ತಾರೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಟೆನಿಸ್ ಚೆಂಡಿನ ಕಥೆ ಬೇರೆ

ಊರಲ್ಲಿ ನಾವು ಹೆಚ್ಚಾಗಿ ಆಡುವುದು ಟೆನಿಸ್ ಬಾಲ್. ಅದರ ತೂಕ ಸುಮಾರು 57 ಗ್ರಾಂ. ಲೆದರ್ ಬಾಲ್ 156ರಿಂದ 163 ಗ್ರಾಂ. ಎರಡರ ಗಾತ್ರ ಹೆಚ್ಚೂಕಡಿಮೆ ಒಂದೇ ಆದ್ದರಿಂದ ಗಾಳಿಯ ತಡೆಯೂ ಹೆಚ್ಚೂಕಡಿಮೆ ಒಂದೇ. ಆದರೆ ಹಗುರವಾದ ಚೆಂಡು ಆ ತಡೆಗೆ ಬೇಗ ಸೋಲುತ್ತದೆ. ಟೆನಿಸ್ ಬಾಲ್ ತನ್ನ ವೇಗವನ್ನು ಲೆದರ್ ಬಾಲ್‌ಗಿಂತ ಸುಮಾರು ಮೂರು ಪಟ್ಟು ಬೇಗ ಕಳೆದುಕೊಳ್ಳುತ್ತದೆ. ಗಿಡಮರ ಕಡಿಮೆ ಇರುವ ನವಲಗುಂದದ ಬಯಲಲ್ಲಿ ಎದುರುಗಾಳಿ ಬೀಸಿದರಂತೂ ಮುಗಿಯಿತು. ಹಾಗಾಗಿ ಟೆನಿಸ್ ಬಾಲ್‌ನಲ್ಲಿ ಬರೀ ಜೋರನ್ನೇ ನಂಬುವುದು ಇನ್ನೂ ಕಷ್ಟ.

ಫಾಸ್ಟ್‌ಬಾಲ್ ಒಂದನ್ನೇ ನಂಬಿ ಗೆದ್ದವರಿಲ್ಲವೇ?

ಇದ್ದಾರೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಮರಿಯಾನೊ ರಿವೆರಾ ಬಹುಪಾಲು ಒಂದೇ ಬಗೆಯ ಎಸೆತದಿಂದ 652 ಪಂದ್ಯಗಳ ಗೆಲುವನ್ನು ಕಾಪಾಡಿಕೊಟ್ಟರು. ಬೇಸ್‌ಬಾಲ್‌ನಲ್ಲಿ ಅದು ದಾಖಲೆ. ಆದರೆ ಎರಡು ವಿಷಯ ನೆನಪಿಡಿ. ಅವರ ಫಾಸ್ಟ್‌ಬಾಲ್ ನೆಟ್ಟಗೆ ಬರುತ್ತಿರಲಿಲ್ಲ, ಕೊನೆಗೆ ಪಕ್ಕಕ್ಕೆ ಸರಿಯುತ್ತಿತ್ತು. ಎರಡನೆಯದಾಗಿ, ಅವರು ಸಾಮಾನ್ಯವಾಗಿ ಪಂದ್ಯದ ಕೊನೆಯ ಸರದಿಯಲ್ಲಿ ಮಾತ್ರ ಬರುತ್ತಿದ್ದರು. ಒಬ್ಬ ಬ್ಯಾಟರ್ ಅವರನ್ನು ಅದೇ ಪಂದ್ಯದಲ್ಲಿ ಮತ್ತೆ ಎದುರಿಸಿ ಕಲಿಯಲು ಅವಕಾಶವೇ ಇರುತ್ತಿರಲಿಲ್ಲ. ಪಂದ್ಯದ ಆರಂಭದಿಂದ ಎಸೆಯುವ ಪಿಚರ್‌ಗೆ ಒಬ್ಬನೇ ಬ್ಯಾಟರ್ ಎರಡು ಮೂರು ಸಲ ಎದುರಾಗುತ್ತಾನೆ. ಅಂಥ ಪಿಚರ್‌ಗೆ ಒಂದೇ ಬಗೆಯ ಎಸೆತ ಸಾಲದು.

ನಮ್ಮ ದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬಿಬ್ಬರ ಕಥೆಯೂ ಇದೆ. ಉತ್ತರ ಪ್ರದೇಶದ ಹಳ್ಳಿಗಳ ಈ ಭರ್ಜಿ ಎಸೆತಗಾರರು 2008ರಲ್ಲಿ ವೇಗದ ಎಸೆತದ ಸ್ಪರ್ಧೆಯೊಂದರಿಂದ ಬೆಳಕಿಗೆ ಬಂದು ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಗೆ ಸೇರಿದರು. ತೋಳಿನ ಬಲ ಅವರಿಗೆ ಬಾಗಿಲು ತೆರೆಯಿತು. ಆದರೆ ಅತ್ಯುನ್ನತ ಲೀಗ್‌ವರೆಗೆ ಇಬ್ಬರೂ ತಲುಪಲಿಲ್ಲ.

ಬೆಳೆಯುವ ಎಲುಬು

ನಿಮ್ಮ ವಯಸ್ಸಿನಲ್ಲಿ ಎಲುಬಿನ ತುದಿಗಳಲ್ಲಿ ಮೆತ್ತನೆಯ ಬೆಳವಣಿಗೆಯ ಪದರ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಮತ್ತೆ ಮತ್ತೆ ಪೂರ್ತಿ ಜೋರಿನಿಂದ ಎಸೆದರೆ ಭುಜ, ಮೊಣಕೈಗಳಲ್ಲಿ ಆ ಪದರಕ್ಕೆ ಪೆಟ್ಟಾಗಬಹುದು. ವೇಗದ ಬೌಲರ್‌ನ ಮುಂಗಾಲು ನೆಲಕ್ಕೆ ಅಪ್ಪಳಿಸಿದಾಗ ದೇಹದ ತೂಕದ ಹಲವು ಪಟ್ಟು ಬಲ ಕಾಲಿನಿಂದ ಸೊಂಟಕ್ಕೆ ಏರುತ್ತದೆ, ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಬರುವುದೂ ಉಂಟು. ಪೂರ್ಣ ಬೆಳೆದ ಶ್ರೀನಾಥ್ ಅವರೇ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಅಮೆರಿಕದ ಲಿಟಲ್ ಲೀಗ್‌ನಲ್ಲಿ 9–10 ವಯಸ್ಸಿನ ಮಕ್ಕಳು ದಿನಕ್ಕೆ 75, 11–12ರ ಮಕ್ಕಳು 85 ಎಸೆತಕ್ಕಿಂತ ಹೆಚ್ಚು ಎಸೆಯುವಂತಿಲ್ಲ. ಊರಿನ ಟೂರ್ನಮೆಂಟ್‌ನಲ್ಲಿ ಎಣಿಸುವವರು ಇರುವುದಿಲ್ಲ. ನಿಮ್ಮ ಎಸೆತಗಳನ್ನು ನೀವೇ ಎಣಿಸಿಕೊಳ್ಳಿ.

ನೀವೇ ಅಳೆದು ನೋಡಿ

ಹಗ್ಗದಿಂದ 17.7 ಮೀಟರ್ ಅಳೆದು ಎರಡೂ ಕಡೆ ಗೆರೆ ಹಾಕಿ. ಮನೆಯವರ ಮೊಬೈಲ್‌ನಲ್ಲಿ ಪಕ್ಕದಿಂದ, ಎರಡೂ ಗೆರೆ ಕಾಣುವಂತೆ ವಿಡಿಯೊ ತೆಗೆಯಿರಿ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರಗಳಿರುತ್ತವೆ. ಚೆಂಡು ಕೈಬಿಟ್ಟಾಗಿನಿಂದ ಎದುರಿನ ಗೆರೆ ತಲುಪುವವರೆಗೆ 24 ಚಿತ್ರ ಆದರೆ 0.8 ಸೆಕೆಂಡು, ಅಂದರೆ ಸರಾಸರಿ ವೇಗ ಗಂಟೆಗೆ ಸುಮಾರು 80 ಕಿ.ಮೀ. ಹೀಗೆ ನಿಮ್ಮ ಜೋರಾದ ಎಸೆತ, ಕಟರ್ ಎರಡನ್ನೂ ಅಳೆದು ನೋಟ್‌ಬುಕ್‌ನಲ್ಲಿ ಬರೆದಿಡಿ. ತೋಳಿನ ವೇಗ ಒಂದೇ ಇದ್ದು ಎರಡು ಮೂರು ಚಿತ್ರಗಳ ವ್ಯತ್ಯಾಸ ಬಂದರೆ ನೀವು ಒಳ್ಳೆಯ ನಿಧಾನದ ಚೆಂಡನ್ನು ಕಲಿತಿದ್ದೀರಿ.

ಹಾಗಾದರೆ ಉತ್ತರ ಇಷ್ಟು: ಜೋರಾಗಿ ಎಸೆಯುವ ಶಕ್ತಿ ಇದ್ದರೆ ಅದನ್ನು ಬಿಡಬೇಡಿ, ಆದರೆ ಅದೊಂದನ್ನೇ ನಂಬಬೇಡಿ. ಮೊದಲು, ಅಂದುಕೊಂಡ ಜಾಗಕ್ಕೆ ಚೆಂಡು ಹಾಕುವುದನ್ನು ಕಲಿಯಿರಿ, ಆಮೇಲೆ ಒಂದು ನಿಧಾನದ ಚೆಂಡು, ಆಮೇಲೆ ಸ್ವಿಂಗ್. ಭುಜ ನೋಯುತ್ತಿದ್ದರೆ ಮುಚ್ಚಿಡದೆ ಮನೆಯಲ್ಲಿ, ಶಾಲೆಯಲ್ಲಿ ಹೇಳಿ, ಆ ದಿನ ಬೌಲಿಂಗ್ ಬಿಟ್ಟು ಬ್ಯಾಟ್ ಹಿಡಿಯಿರಿ.