ಹಗೇವಿನಲ್ಲಿಟ್ಟ ವಿಷ



ಇಂದು ಮುಂಜಾನೆ ಮಠದ ಅಂಗಳದಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ನಮ್ಮ ಪಾಠಶಾಲೆಯ ಹುಡುಗನೊಬ್ಬ ಅಂಗಳವನ್ನು ಬಹಳ ಚೆಂದವಾಗಿ ಗುಡಿಸಿದ. ಗುಡಿಸಿದ ಕಸವನ್ನು ಹಿತ್ತಲ ಗೋಡೆಯ ಮೇಲಿಂದ ಆಚೆಗೆ ಚೆಲ್ಲಿದ. ಆಚೆ ಇರುವುದು ಒಬ್ಬ ಮುದುಕಿಯ ಮನೆ. ಆ ತಾಯಿ ಬಂದು, "ಅಪ್ಪಾರ, ನಿಮ್ಮ ಅಂಗಳ ಹಸನಾತು. ನನ್ನ ಅಂಗಳದ ಗತಿ ಏನ್ರೀ?" ಎಂದು ಕೇಳಿದಳು. ನಮಗೆ ನಾಚಿಕೆಯಾಯಿತು. ಇಂದು ನಿಮ್ಮ ಮುಂದೆ ಹೇಳಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ವಿಷಯವನ್ನೇ ಆಕೆ ಒಂದು ಮಾತಿನಲ್ಲಿ ಕೇಳಿಬಿಟ್ಟಿದ್ದಳು. ನಾವು ಹೇಳಬೇಕೆಂದಿದ್ದುದು ಭೋಪಾಲದ ಕಸದ ಕಥೆ.

ಇಲ್ಲಿ ಕುಳಿತ ಹಿರಿಯರಲ್ಲಿ ಅನೇಕರು ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವಾಗ ಬ್ಯಾಟರಿಗೆ ಎವರೆಡಿ ಸೆಲ್ಲು ಹಾಕಿಕೊಂಡು ಹೋದವರು. ಆ ಸೆಲ್ಲುಗಳನ್ನು ಮಾಡುತ್ತಿದ್ದ ಯೂನಿಯನ್ ಕಾರ್ಬೈಡ್ ಕಂಪನಿಯೇ 1969ರಲ್ಲಿ ಭೋಪಾಲದಲ್ಲಿ ಕೀಟನಾಶಕದ ಕಾರ್ಖಾನೆಯನ್ನು ತೆರೆಯಿತು. ಅಲ್ಲಿ ತಯಾರಾಗುತ್ತಿದ್ದುದು ಸೆವಿನ್ ಎಂಬ ಪುಡಿ. ಹತ್ತಿಯ ಹುಳಕ್ಕೆ ಹೊಡೆಯುವ ವಿಷ. ನಮ್ಮ ರೈತರು ಇಂಥದ್ದಕ್ಕೆ ವಿಷವೆನ್ನುವುದಿಲ್ಲ. ಎಣ್ಣೆ ಎನ್ನುತ್ತಾರೆ, ಔಷಧ ಎನ್ನುತ್ತಾರೆ. ಹೆಸರು ಮೆತ್ತಗಾದರೆ ವಸ್ತು ಮೆತ್ತಗಾದೀತೆ?

1984ರ ಡಿಸೆಂಬರ್ 2ರ ನಡುರಾತ್ರಿ ಆ ಕಾರ್ಖಾನೆಯ ತೊಟ್ಟಿಯೊಂದರಿಂದ ಮೀಥೈಲ್ ಐಸೋಸೈನೇಟ್ ಎಂಬ ಅನಿಲ ಸುಮಾರು 40 ಟನ್ನಿನಷ್ಟು ಹೊರಬಿದ್ದಿತು. ಐದು ಲಕ್ಷಕ್ಕಿಂತ ಹೆಚ್ಚು ಜನ ಅದನ್ನು ಉಸಿರಾಡಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿಯೇ ಐದು ಸಾವಿರ ಮೀರಿದ್ದಾರೆ; ಬದುಕಿ ಉಳಿದವರು ಹೇಳುವ ಲೆಕ್ಕ ಅದಕ್ಕಿಂತ ಎಷ್ಟೋ ದೊಡ್ಡದು. ಆ ರಾತ್ರಿಯ ಮಾತನ್ನು ಇಂದು ಬೆಳೆಸುವುದಿಲ್ಲ, ಅದನ್ನು ನೀವೆಲ್ಲ ಬಲ್ಲಿರಿ. ಆ ರಾತ್ರಿಯ ಗಾಳಿ ಬೆಳಗಾಗುವುದರೊಳಗೆ ಹೋಯಿತು. ಕಾರ್ಖಾನೆಯ ನೆಲದಲ್ಲಿ ಹೂತಿಟ್ಟದ್ದು ಹೋಗಲಿಲ್ಲ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ಬರಗಾಲ ಬರುವವರೆಗೂ ಭೂಮಿತಾಯಿ ಅದನ್ನು ಕಾಯುತ್ತಿದ್ದಳು. ತೆಗೆಯುವಾಗ ಕಲ್ಲು ಸರಿಸಿದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಒಳ್ಳೆಯದನ್ನು ಇಟ್ಟ ಗುಂಡಿಗೂ ಅಷ್ಟು ಎಚ್ಚರ! ಭೋಪಾಲದಲ್ಲಿ ಕಾರ್ಖಾನೆ ನಡೆದಷ್ಟು ವರ್ಷವೂ ಕೆಲಸಕ್ಕೆ ಬಾರದ ರಾಸಾಯನಿಕವನ್ನು ಆವರಣದ ಗುಂಡಿಗಳಲ್ಲಿ ಸುರಿದರು. 1977ರಲ್ಲಿ ಕಾರ್ಖಾನೆಯ ಹೊರಗೆ ಪ್ಲಾಸ್ಟಿಕ್ ಹಾಸಿದ ಕೊಳಗಳನ್ನು ಮಾಡಿ, ವಿಷದ ನೀರು ಬಿಸಿಲಿಗೆ ಆರಲಿ ಎಂದು ಅಲ್ಲಿ ಬಿಟ್ಟರು. ಕೊಳ ಸೋರುತ್ತಿದೆ ಎಂಬುದು 1982ರ ಹೊತ್ತಿಗೇ, ಅಂದರೆ ಅನಿಲ ಸೋರುವುದಕ್ಕೆ ಎರಡು ವರ್ಷ ಮೊದಲೇ, ಕಂಪನಿಯವರಿಗೆ ಗೊತ್ತಿತ್ತು. ಭೂಮಿತಾಯಿ ಇದನ್ನೂ ಕಾಯ್ದಳು. ಮಳೆ ಬಂದಾಗಲೆಲ್ಲ ಇಷ್ಟಿಷ್ಟೇ ಕೆಳಗಿನ ನೀರಿಗೆ ಕೊಟ್ಟಳು.

ಕಾರ್ಖಾನೆಯ ಗೋಡೆಗೆ ಹತ್ತಿಕೊಂಡೇ ಬಡವರ ಓಣಿಗಳು. ಅವರು ಕೈಪಂಪಿನ ನೀರು ಕುಡಿದರು. 1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯವರು ಪರೀಕ್ಷಿಸಿದಾಗ ಮಣ್ಣಿನಲ್ಲಿ ಪಾದರಸ, ನೀರಿನಲ್ಲಿ ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್ ಮೊದಲಾದವು ಕಂಡವು. ಸರ್ಕಾರದವರು ಪಂಪುಗಳಿಗೆ ಕೆಂಪು ಬಣ್ಣ ಬಳಿದು, ಕುಡಿಯಲು ಯೋಗ್ಯವಲ್ಲ ಎಂದು ತಿಳಿಸಿದರು. ಬೇರೆ ನೀರು ಕೊಡದೆ ಬರಿಯ ಬಣ್ಣ ಬಳಿದರೆ ಬಿಂದಿಗೆ ಹಿಡಿದ ತಾಯಿ ಏನು ಮಾಡಬೇಕು? ಕೆಂಪು ಪಂಪನ್ನೇ ಒತ್ತಿದಳು. ಆ ಓಣಿಗಳಿಗೆ ಶುದ್ಧ ನೀರು ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಬೇಕಾಯಿತು. ಹೇಳಿದ ಮೇಲೂ ನಲ್ಲಿ ಬೇಗ ಬರಲಿಲ್ಲ. 2006ರಲ್ಲಿ ಆ ಜನ ಭೋಪಾಲದಿಂದ ದಿಲ್ಲಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಿ ನೀರು ಕೇಳಿದರು. ನಾವು ಜಾತ್ರೆಗೆ ಪಾದಯಾತ್ರೆ ಹೋಗುತ್ತೇವೆ. ಅವರು ಒಂದು ಕೊಡ ನೀರಿಗೆ ಹೋದರು.

ಇನ್ನು ಕಸದ ಮಾತು. 2005ರಲ್ಲಿ ಆವರಣದಲ್ಲಿ ಬಿದ್ದಿದ್ದ ಅರ್ಧ ತಯಾರಾದ ಕೀಟನಾಶಕ, ಸೆವಿನ್ನಿನ ಉಳಿಕೆ, ಕೊಪ್ಪರಿಗೆಗಳ ತಳದ ಗಷ್ಟು, ಕೆಟ್ಟ ಮಣ್ಣು ಇವನ್ನೆಲ್ಲ ಬಳಿದು ಚೀಲಕ್ಕೆ ತುಂಬಿ ಅಲ್ಲಿಯ ಗೋದಾಮಿನಲ್ಲಿಯೇ ಬೀಗ ಹಾಕಿದರು. ಮುಂದೆ ಯಾರ ಅಂಗಳ? ಗುಜರಾತಿನ ಅಂಕಲೇಶ್ವರಕ್ಕೆ ಕಳಿಸೋಣವೆಂದರು, ಗುಜರಾತು ಒಲ್ಲೆನೆಂದಿತು. ನಾಗಪುರವೆಂದರು, ಮಹಾರಾಷ್ಟ್ರ ಒಲ್ಲೆನೆಂದಿತು. 2012ರಲ್ಲಿ ಜರ್ಮನಿಗೆ ಒಯ್ದು ಸುಡುವ ಮಾತು ನಡೆದು ಅದೂ ಮುರಿದುಬಿತ್ತು. ಕಸಕ್ಕೆ ಕನ್ಯೆ ನೋಡಿದಂತಾಯಿತು, ಯಾವ ಮನೆಯವರೂ ಒಪ್ಪಲಿಲ್ಲ!

ಸ್ಥಳವನ್ನು ಶುದ್ಧ ಮಾಡಿಸಿರೆಂದು 2004ರಲ್ಲಿ ಹೈಕೋರ್ಟಿಗೆ ಒಂದು ಅರ್ಜಿ ಹೋಗಿತ್ತು. ಅದೇ ಅರ್ಜಿಯ ಮೇಲೆ, ದುರಂತಕ್ಕೆ ನಲವತ್ತು ವರ್ಷ ತುಂಬಿದ 2024ರ ಡಿಸೆಂಬರ್ 3ರಂದು, ನಾಲ್ಕು ವಾರದೊಳಗೆ ಕಸ ಎತ್ತಬೇಕೆಂದು ಆಜ್ಞೆಯಾಯಿತು. 2025ರ ಜನವರಿ 1ರ ರಾತ್ರಿ 337 ಟನ್ ಕಸವನ್ನು ಹೊತ್ತು 12 ಲಾರಿಗಳು ಪೊಲೀಸ್ ಕಾವಲಿನಲ್ಲಿ ಹೊರಟು, ಸುಮಾರು 250 ಕಿಲೋಮೀಟರ್ ದೂರದ ಪೀತಂಪುರವನ್ನು ಮುಟ್ಟಿದವು. ಅದು ಇಂದೂರಿನ ಹತ್ತಿರದ, ಧಾರ ಜಿಲ್ಲೆಯ ಕಾರ್ಖಾನೆಗಳ ಊರು. ಸುಡುವ ಘಟಕದ ಮಗ್ಗುಲಲ್ಲಿ ತಾರಪುರವೆಂಬ ಹಳ್ಳಿ. ಊರಿಗೆ ಊರೇ ಬಂದ್ ಆಯಿತು. ಇಬ್ಬರು ಮೈಗೆ ಬೆಂಕಿ ಹಚ್ಚಿಕೊಂಡು ಆಸ್ಪತ್ರೆ ಸೇರಿದರು. ನಮ್ಮ ಹಿತ್ತಲಿನ ಅಜ್ಜಿ ಕೇಳಿದ ಪ್ರಶ್ನೆಯೇ ಅವರದೂ ಆಗಿತ್ತು.

ಮೊದಲು ಪರೀಕ್ಷೆಗೆಂದು 30 ಟನ್, ಆಮೇಲೆ ಮೇ ತಿಂಗಳಿನಿಂದ ಜೂನ್ ಕೊನೆಯವರೆಗೆ ಉಳಿದದ್ದನ್ನು ಸುಟ್ಟರು. ಇಂಥ ಒಲೆ ನಮ್ಮ ಅಡುಗೆಮನೆಯ ಒಲೆಯಲ್ಲ. ಒಂದು ಕೋಣೆಯಲ್ಲಿ ಕಸ ಉರಿಯುತ್ತದೆ. ಅದರಿಂದ ಎದ್ದ ಹೊಗೆಯನ್ನು ಇನ್ನೂ ಹೆಚ್ಚಿನ ಉರಿಯ ಎರಡನೆಯ ಕೋಣೆಯಲ್ಲಿ ಮತ್ತೆ ಸುಡುತ್ತಾರೆ. ಆಮ್ಲವನ್ನು ಮುರಿಯಲು ಸುಣ್ಣ ಸೇರಿಸುತ್ತಾರೆ. ಆದುದರಿಂದ ಸುಟ್ಟ ಮೇಲೆ ಉಳಿದ ಬೂದಿ, ಸುಡುವ ಮೊದಲಿನ ಕಸಕ್ಕಿಂತ ತೂಕದಲ್ಲಿ ಹೆಚ್ಚಾಯಿತು. ಕೀಟನಾಶಕ ಉರಿಗೆ ಮುರಿದುಹೋಗುತ್ತದೆ, ಇದನ್ನು ಒಪ್ಪಬೇಕು. ಆದರೆ ಪಾದರಸ ಲೋಹ. ಅದನ್ನು ಯಾವ ಬೆಂಕಿಯೂ ಇಲ್ಲದಂತೆ ಮಾಡಲಾರದು. ಅದು ಹೊಗೆಗೆ ಹೋಗಬೇಕು, ಇಲ್ಲವೆ ಬೂದಿಗೆ ಬರಬೇಕು. ಬೂದಿಯನ್ನು ಮತ್ತೆ ನೆಲದಲ್ಲಿಯೇ ಇಡಬೇಕು. ಮತ್ತೊಂದು ಹಗೇವು!

ಕಸವನ್ನು ಒಯ್ಯಲು, ಸುಡಲು ಎತ್ತಿಟ್ಟ ಹಣ 126 ಕೋಟಿ ರೂಪಾಯಿ. ಅದು ನಿಮ್ಮ ನಮ್ಮ ತೆರಿಗೆಯ ಹಣ. ನಾಗಪುರದ ನೀರಿ ಸಂಸ್ಥೆಯವರೂ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆಯವರೂ ಕೂಡಿ 2010ರಲ್ಲಿ ಕೊಟ್ಟ ವರದಿಯ ಪ್ರಕಾರ ಅಲ್ಲಿ ಕೆಟ್ಟ ಮಣ್ಣು 11 ಲಕ್ಷ ಟನ್. ಮೂರು ಸಾವಿರ ಚೀಲದ ರಾಶಿಯಲ್ಲಿ ಒಂದು ಚೀಲ ಎತ್ತಿದಂತಾಯಿತು. ಎತ್ತಿದ್ದು ಗಟ್ಟಿ ವಿಷ, ಮಣ್ಣಿನದು ಹರಡಿದ ವಿಷ; ಆದ್ದರಿಂದ ತೂಕವೊಂದನ್ನೇ ಹಿಡಿದು ಏನೂ ಆಗಲಿಲ್ಲವೆನ್ನುವುದು ನ್ಯಾಯವಲ್ಲ. ಆದರೆ ಬಾವಿಯ ನೀರನ್ನು ಕೆಡಿಸುತ್ತ ಬಂದದ್ದು ಬೀಗ ಹಾಕಿದ ಗೋದಾಮಿನ ಚೀಲಗಳಲ್ಲ. ಗುಂಡಿಗಳು, ಕೊಳಗಳು, ಅವುಗಳ ಕೆಳಗಿನ ಮಣ್ಣು.

ಕೆಡಿಸಿದವನು ಹಸನು ಮಾಡಬೇಕು. ಇದು ಹಳ್ಳಿಯ ಪಂಚರಿಗೂ ಗೊತ್ತಿರುವ ನ್ಯಾಯ. ಆ ಕಂಪನಿಯ ತವರಾದ ಅಮೆರಿಕದಲ್ಲಿ ಲವ್ ಕೆನಾಲ್ ಎಂಬ ಬಡಾವಣೆಯ ಜನ ಹೂತ ವಿಷದಿಂದ ಮನೆ ಬಿಟ್ಟು ಹೋಗಬೇಕಾಗಿ ಬಂದಾಗ, 1980ರಲ್ಲಿ ಅದನ್ನೇ ಕಾನೂನು ಮಾಡಿದರು. ನಮ್ಮ ಸುಪ್ರೀಂ ಕೋರ್ಟು ರಾಜಸ್ಥಾನದ ಬಿಛಡಿ ಗ್ರಾಮದ ಮೊಕದ್ದಮೆಯಲ್ಲಿ 1996ರಲ್ಲಿ ಅದನ್ನೇ ಹೇಳಿತು. ಭೋಪಾಲದಲ್ಲಿ ಮಾತ್ರ ಹೊಣೆ ಕೈಯಿಂದ ಕೈಗೆ ಜಾರಿತು. ನೆಲ 1998ರಲ್ಲಿ ರಾಜ್ಯ ಸರ್ಕಾರಕ್ಕೆ ಮರಳಿತು. 2001ರಲ್ಲಿ ಯೂನಿಯನ್ ಕಾರ್ಬೈಡನ್ನು ಡೌ ಕಂಪನಿ ಕೊಂಡಿತು. ಕೊಂಡವರು, ಹಳೆಯ ಪಾಪ ನಮ್ಮದಲ್ಲ ಎಂದರು. ಮನೆ ಕೊಂಡವನು ಮನೆಯ ಸಾಲ ನನ್ನದಲ್ಲ ಎಂದರೆ ನಮ್ಮೂರಲ್ಲಿ ನಡೆಯುತ್ತದೆಯೆ?

ಅಲ್ಲಿ ರಶೀದಾ ಬೀ, ಚಂಪಾದೇವಿ ಶುಕ್ಲಾ ಎಂಬ ಇಬ್ಬರು ತಾಯಂದಿರು. ಒಬ್ಬರು ಮುಸಲ್ಮಾನರು, ಒಬ್ಬರು ಹಿಂದೂಗಳು. ಇಬ್ಬರೂ ಆ ಅನಿಲವನ್ನು ಉಂಡವರು. 2002ರಲ್ಲಿ ಅಲ್ಲಿಯ ಹೆಂಗಸರು ಕೈಯಲ್ಲಿ ಕಸಬರಿಗೆ ಹಿಡಿದು, ನಿಮ್ಮ ಕಸ ನೀವು ಗುಡಿಸಿರಿ ಎಂದು ಡೌ ಕಂಪನಿಯವರನ್ನು ಕೇಳುತ್ತ ಹೊರಟರು. ಈ ಇಬ್ಬರಿಗೆ 2004ರಲ್ಲಿ ಗೋಲ್ಡ್‌ಮನ್ ಪ್ರಶಸ್ತಿ ಬಂದಾಗ ಅದರ ಹಣದಿಂದ ಅಂಗವಿಕಲರಾಗಿ ಹುಟ್ಟಿದ ಮಕ್ಕಳಿಗಾಗಿ ಚಿಂಗಾರಿ ಎಂಬ ಸಂಸ್ಥೆ ಕಟ್ಟಿದರು. ಕಸಬರಿಗೆ ಹಿಡಿದ ಕೈಗೇ ಮಕ್ಕಳ ಆರೈಕೆಯ ಕಾಯಕವೂ ಬಂದಿತು.

ಹೊತ್ತಾಯಿತು. ಆದರೂ ಒಂದು ಮಾತು ಕೇಳಿಕೊಂಡು ಏಳಿರಿ. ನಿಮ್ಮ ಹೊಲದ ಬಾವಿಯ ಬದಿಗೆ, ಹಳ್ಳದ ದಂಡೆಗೆ ಎಣ್ಣೆಯ ಖಾಲಿ ಡಬ್ಬಿಗಳು ಬಿದ್ದಿರುತ್ತವೆ. ಕೆಲವರು ಅವನ್ನು ತೊಳೆದು ನೀರಿಗೋ ಸೀಮೆಎಣ್ಣೆಗೋ ಇಟ್ಟುಕೊಳ್ಳುತ್ತಾರೆ, ಕೆಲವರು ಬದುವಿನಲ್ಲಿ ಹೂಳುತ್ತಾರೆ. ಎರಡೂ ಬೇಡ. ಉಳಿದ ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲುವುದಂತೂ ಬೇಡವೇ ಬೇಡ. ಖಾಲಿ ಡಬ್ಬಿಗಳನ್ನು ಮಕ್ಕಳ ಕೈಗೆ ಸಿಗದಂತೆ ಒಂದು ಚೀಲದಲ್ಲಿ ಕಟ್ಟಿಡಿರಿ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಕೃಷಿ ಇಲಾಖೆಯವರನ್ನು ಮಠಕ್ಕೆ ಕರೆಸುತ್ತೇವೆ. ಅವುಗಳನ್ನು ಎಲ್ಲಿಗೆ ಕೊಡಬೇಕು, ಕೊಟ್ಟದ್ದನ್ನು ಅವರು ಎಲ್ಲಿ ಹಾಕುತ್ತಾರೆ, ಆ ಜಾಗದ ಮಗ್ಗುಲಲ್ಲಿ ಯಾರ ಮನೆಯಿದೆ ಎಂಬುದನ್ನು ನೀವೇ ಅವರನ್ನು ಕೇಳಿರಿ. ಈಗ ಪ್ರಸಾದಕ್ಕೆ ಏಳಿರಿ. ಹಿತ್ತಲ ಮನೆಯ ಅಜ್ಜಿಯೂ ಬಂದಿದ್ದಾಳೆ, ಆಕೆಗೆ ಮುಂದೆ ಜಾಗ ಮಾಡಿಕೊಡಿರಿ.