ಆಟದ ಮೈದಾನದಲ್ಲಿ ತಲೆಗೆ ಬೀಳುವ ಪೆಟ್ಟು ಮತ್ತು ನಮ್ಮ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಬಾಬುರಾಯನಕೊಪ್ಪಲಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣದ ಪಠ್ಯ)



ಕುಡಿಯುವ ನೀರು, ಕಂದಾಯ ವಸೂಲಾತಿ, ಕಸ ವಿಲೇವಾರಿ ಇವುಗಳನ್ನು ಕುರಿತು ನಾವು ಪ್ರತಿ ಸಭೆಯಲ್ಲಿಯೂ ಚರ್ಚಿಸುತ್ತೇವೆ. ಇಂದು ನನಗೆ ದೊರೆತಿರುವ ಸಮಯವನ್ನು ನಮ್ಮ ಕಾರ್ಯಸೂಚಿಯಲ್ಲಿ ಇದುವರೆಗೆ ಸ್ಥಾನ ಪಡೆಯದ ವಿಷಯವೊಂದಕ್ಕೆ ಬಳಸಿಕೊಳ್ಳಲು ಅನುಮತಿ ಕೋರುತ್ತೇನೆ.

ಕಳೆದ ದಸರಾ ರಜೆಯಲ್ಲಿ ನಡೆದ ಬಾಲಕರ ಫುಟ್‌ಬಾಲ್ ಪಂದ್ಯವೊಂದಕ್ಕೆ ನಾನು ಅತಿಥಿಯಾಗಿ ಹೋಗಿದ್ದೆ. ಎತ್ತರದಿಂದ ಬಂದ ಚೆಂಡಿಗೆ ಇಬ್ಬರು ಹುಡುಗರು ಏಕಕಾಲಕ್ಕೆ ನೆಗೆದರು. ತಲೆಗೆ ತಲೆ ತಾಗಿತು. ಒಬ್ಬನು ಕೂಡಲೇ ಎದ್ದನು. ಹದಿಮೂರು ವರ್ಷದ ಇನ್ನೊಬ್ಬನು ಮಣ್ಣಿನ ಮೇಲೆ ಸ್ವಲ್ಪ ಹೊತ್ತು ಕುಳಿತೇ ಇದ್ದನು. ಯಾರೋ ಅವನ ತಲೆಯ ಮೇಲೆ ನೀರು ಸುರಿದರು, ಮತ್ತಾರೋ ಸೋಡಾ ಕುಡಿಸಿದರು. "ಏನೂ ಆಗಿಲ್ಲ ಹೋಗಪ್ಪಾ, ಗಂಡುಮಗ ನೀನು" ಎಂದು ಬೆನ್ನು ತಟ್ಟಿ ಮತ್ತೆ ಆಟಕ್ಕೆ ಕಳುಹಿಸಿದರು. ಎರಡು ನಿಮಿಷಗಳ ನಂತರ ಆ ಬಾಲಕನು ಚೆಂಡನ್ನು ತನ್ನ ತಂಡದ ಗೋಲಿನ ಕಡೆಗೇ ಒಯ್ದನು. ನೆರೆದವರೆಲ್ಲರೂ ನಕ್ಕರು. ವೇದಿಕೆಯ ಮೇಲಿದ್ದ ನಾನೂ ನಕ್ಕೆನು.

ಆ ರಾತ್ರಿ ಅವನಿಗೆ ಮೇಲಿಂದ ಮೇಲೆ ವಾಂತಿಯಾಯಿತು. ಮೈಸೂರಿಗೆ ಕರೆದೊಯ್ದರು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಮನೆಯವರು ದೇವರಿಗೆ ಕೈಮುಗಿದು ಮರಳಿದರು. ಆದರೆ ಒಂದು ತಿಂಗಳ ಕಾಲ ಅವನಿಗೆ ಪುಸ್ತಕ ಹಿಡಿದರೆ ತಲೆನೋವು, ಬಿಸಿಲಿಗೆ ಬಂದರೆ ಕಣ್ಣು ಕುಕ್ಕುವುದು. ಶಾಲೆಗೆ ಹೋಗಲೊಲ್ಲದ ಅವನನ್ನು ಸೋಮಾರಿಯೆಂದು ಮನೆಯಲ್ಲಿ ಗದರಿಸಿದರು. ದಾರಿ ತಪ್ಪಿ ಓಡಿದ ಮಗುವನ್ನು ಕಂಡು ನಕ್ಕ ನನ್ನ ನಗು ನನಗೆ ಈಗಲೂ ಚುಚ್ಚುತ್ತದೆ. ಈ ವಿಷಯವನ್ನು ಓದಿಕೊಳ್ಳಲು ಕಾರಣ ಅದೇ.

ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ನಮ್ಮ ಸೀಮೆಯವರಿಗೆ ತೆಂಗಿನಕಾಯಿಯ ಉದಾಹರಣೆ ಸಾಕು. ಒಣಗಿದ ಕಾಯಿಯನ್ನು ಅಲುಗಾಡಿಸಿದರೆ ಚಿಪ್ಪಿಗೆ ಏನೂ ಆಗುವುದಿಲ್ಲ, ಒಳಗಿನ ಗಿಟುಕು ಮಾತ್ರ ಗೋಡೆಗೆ ತಾಗಿ ಸದ್ದು ಮಾಡುತ್ತದೆ. ಮಿದುಳು ಗಿಟುಕಿನಷ್ಟು ಗಟ್ಟಿಯಲ್ಲ, ಗಿಣ್ಣಿನಷ್ಟು ಮೃದು. ಓಡುವ ತಲೆ ಥಟ್ಟನೆ ನಿಂತಾಗ ಅಥವಾ ತಿರುಚಿದಾಗ ಅದರ ಎಳೆಗಳು ಹಿಗ್ಗಿ, ಜೀವಕೋಶಗಳ ಕೆಲಸ ಏರುಪೇರಾಗುತ್ತದೆ. ತಲೆಬುರುಡೆ ಬಿರಿಯಬೇಕಿಲ್ಲ, ರಕ್ತ ಹರಿಯಬೇಕಿಲ್ಲ. ಈ ಪೆಟ್ಟು ಬಿದ್ದವರಲ್ಲಿ ಬಹುಪಾಲು ಜನ ಪ್ರಜ್ಞೆಯನ್ನೂ ಕಳೆದುಕೊಳ್ಳುವುದಿಲ್ಲ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಇದು ಕಾಣುವುದೂ ಇಲ್ಲ. ಸ್ಕ್ಯಾನ್ ನೋಡುವುದು ರಕ್ತಸ್ರಾವವನ್ನು ಮತ್ತು ಮೂಳೆಯ ಬಿರುಕನ್ನು. ಆದ್ದರಿಂದ "ಸ್ಕ್ಯಾನ್ ಸರಿ ಇದೆ" ಎಂಬುದು "ನಾಳೆ ಆಡಬಹುದು" ಎಂಬ ಅಪ್ಪಣೆಯಲ್ಲ.

ಎದ್ದು ನಡೆದನೆಂಬುದೂ ಅಪ್ಪಣೆಯಲ್ಲ. 1998ರ ಫೆಬ್ರವರಿಯಲ್ಲಿ ಢಾಕಾದ ಪಂದ್ಯವೊಂದರಲ್ಲಿ ಬ್ಯಾಟುಗಾರನ ಸಮೀಪ ಹೆಲ್ಮೆಟ್ ಇಲ್ಲದೆ ನಿಂತಿದ್ದ ಭಾರತದ ಕ್ರಿಕೆಟಿಗ ರಮಣ್ ಲಾಂಬಾ ಅವರ ತಲೆಗೆ ಚೆಂಡು ಬಡಿಯಿತು. ಅವರು ತಾವೇ ನಡೆದು ಮೈದಾನದಿಂದ ಹೊರಬಂದರು. ಆನಂತರ ಪ್ರಜ್ಞೆ ತಪ್ಪಿತು. ಮೂರು ದಿನಗಳಲ್ಲಿ ತೀರಿಕೊಂಡರು. ಅವರದು ತಲೆಯೊಳಗಿನ ರಕ್ತಸ್ರಾವ, ಕನ್‌ಕಷನ್‌ಗಿಂತ ಭಿನ್ನ. ಆದರೆ ಮೈದಾನದ ಅಂಚಿನಲ್ಲಿ ನಿಂತ ನಮಗೆ ಮೊದಲ ಗಳಿಗೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಪೆಟ್ಟು ಬಿದ್ದ ಮಗುವನ್ನು "ಇದು ಯಾವ ಊರಿನ ಮೈದಾನ? ಎದುರು ತಂಡ ಯಾವುದು? ಕೊನೆಯ ಗೋಲು ಹೊಡೆದವರು ಯಾರು?" ಎಂದು ಕೇಳಬೇಕು. ತಡವರಿಸಿದರೆ ಅನುಮಾನವೇ ಬೇಡ. ಸರಿಯಾಗಿ ಉತ್ತರಿಸಿಯೂ ಮಂಕಾಗಿ ಕಂಡರೆ, ತಲೆಸುತ್ತು, ತಲೆನೋವು, ಓಕರಿಕೆ ಎಂದರೆ, ನಡಿಗೆ ತೊಡರಿದರೆ, ಕಾರಣವಿಲ್ಲದೆ ಅತ್ತರೆ ಅಥವಾ ಸಿಡುಕಿದರೆ ಅಂದಿನ ಆಟ ಅಲ್ಲಿಗೆ ಮುಗಿಯಿತು. ಹತ್ತು ನಿಮಿಷ ಕೂರಿಸಿ ಮತ್ತೆ ಇಳಿಸುವ ಮಾತೇ ಇಲ್ಲ. ಚೇತರಿಸಿಕೊಳ್ಳದ ಮಿದುಳಿಗೆ ಎರಡನೆಯ ಪೆಟ್ಟು ಬಿದ್ದರೆ ಮಿದುಳು ಊದಿಕೊಂಡು ಪ್ರಾಣವೇ ಹೋಗಬಹುದು. ಇದು ವಿರಳ, ಆದರೆ ಹಾಗೆ ಸತ್ತವರು ಹೆಚ್ಚಾಗಿ ಎಳೆಯರೇ. ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಫಿಟ್ಸ್, ಕೈಕಾಲುಗಳಲ್ಲಿ ಬಲಹೀನತೆ, ವಸ್ತು ಎರಡಾಗಿ ಕಾಣುವುದು, ಎಚ್ಚರ ತಪ್ಪುವುದು, ಕುತ್ತಿಗೆ ನೋವು ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಬೇಕು. ಕುತ್ತಿಗೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ರಟ್ಟೆ ಹಿಡಿದು ಎಬ್ಬಿಸಬಾರದು.

ಪರಿಣತರು ಈ ವಿಷಯವನ್ನು ಎಷ್ಟು ಗಂಭೀರವಾಗಿ ಪರಿಗಣಿಸಿದ್ದಾರೆಂಬುದಕ್ಕೆ ಕೆಲವು ಸಂಗತಿಗಳಿವೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆಯು 2015ರಲ್ಲಿಯೇ ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನು ನಿಷೇಧಿಸಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲಾ ವಯಸ್ಸಿನವರ ತರಬೇತಿಯಿಂದ ಅದನ್ನು ಕೈಬಿಟ್ಟವು. ಕ್ರಿಕೆಟ್‌ನಲ್ಲಿ 2019ರಿಂದ ಕನ್‌ಕಷನ್ ಆದವರ ಬದಲಿಗೆ ಮತ್ತೊಬ್ಬರನ್ನು ಆಡಿಸಬಹುದು. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜಾ ಅವರ ಹೆಲ್ಮೆಟ್‌ಗೆ ಚೆಂಡು ಬಡಿದಾಗ ಯುಜ್ವೇಂದ್ರ ಚಾಹಲ್ ಅವರು ಬದಲಿಯಾಗಿ ಇಳಿದದ್ದನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ಕೋಟ್ಯಂತರ ರೂಪಾಯಿಯ ಆಟದಲ್ಲಿ ಒಬ್ಬನನ್ನು ಹೊರಗೆ ಕೂರಿಸಬಹುದಾದರೆ, ಒಂದು ಟಗರು ಮತ್ತು ಒಂದು ಟ್ರೋಫಿಯ ಪಂದ್ಯದಲ್ಲಿ ಏಕಾಗದು?

ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲ್‌ಗಿಂತ ಕಬಡ್ಡಿಯ ಅಭಿಮಾನ ದೊಡ್ಡದು. ಹೊನಲು ಬೆಳಕಿನ ಕಬಡ್ಡಿಯಲ್ಲಿ ಮಂಡಿ ತಲೆಗೆ ತಾಗುವುದು ಪ್ರತಿ ಪಂದ್ಯದ ಸಂಗತಿ. ನಾನು ಹೇಳಿದ್ದೆಲ್ಲವೂ ಅದಕ್ಕೂ ಅನ್ವಯಿಸುತ್ತದೆ. ಫುಟ್‌ಬಾಲ್‌ನಲ್ಲಿ ಈ ಪೆಟ್ಟು ಬಾಲಕಿಯರಿಗೆ ಬಾಲಕರಿಗಿಂತ ಹೆಚ್ಚಾಗಿ ತಗಲುತ್ತದೆಂಬುದನ್ನೂ ನೆನಪಿಡಬೇಕು.

ಎಂಜಿನಿಯರಿಂಗ್ ಓದಿದವನಾದ್ದರಿಂದ ಗೋಲುಕಂಬದ ಬಗ್ಗೆ ಎರಡು ಮಾತು ಹೇಳದಿರಲಾರೆ. ಪೂರ್ಣ ಅಳತೆಯ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಹಳೆಯ ಕೊಳವೆಬಾವಿಯ ಪೈಪುಗಳಿಗೆ ಬೆಸುಗೆ ಹಾಕಿ, ನೆಲಕ್ಕೆ ಹೂಳದೆ ಸುಮ್ಮನೆ ನಿಲ್ಲಿಸಿರುವ ಗೋಲುಗಳನ್ನು ನಾನು ಕಂಡಿದ್ದೇನೆ. ಭಾರವೆಲ್ಲ ಮುಂದಿನ ಅಡ್ಡಪೈಪಿನ ಮೇಲಿರುವುದರಿಂದ ಒಬ್ಬ ಹುಡುಗ ಜೋತುಬಿದ್ದರೂ ಅದು ಮುಂದಕ್ಕೆ ಮಗುಚಬಲ್ಲದು. ಕಂಬಗಳನ್ನು ಕಾಂಕ್ರೀಟ್‌ನಲ್ಲಿ ಹೂಳಲು, ಅವುಗಳಿಗೆ ಮೆತ್ತೆ ಸುತ್ತಲು, ಮೈದಾನದಲ್ಲಿ ತಲೆಯೆತ್ತಿರುವ ಕಲ್ಲುಗಳನ್ನು ಕೀಳಲು ತಗಲುವ ವೆಚ್ಚ ಒಂದು ಬೀದಿದೀಪದ ಚರ್ಚೆಗೆ ನಾವು ವ್ಯಯಿಸುವ ಚಹಾ-ಬಿಸ್ಕತ್ತಿಗಿಂತ ಬಹಳ ಹೆಚ್ಚೇನಲ್ಲ. ಸ್ವಂತ ಸಂಪನ್ಮೂಲದಿಂದಲೇ ಆಗುವ ಕೆಲಸವಿದು.

ವಾಹನದ ಮಾತು. 2012ರ ಮಾರ್ಚ್‌ನಲ್ಲಿ ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯದ ವೇಳೆ ಡಿ. ವೆಂಕಟೇಶ್ ಎಂಬ ಆಟಗಾರರು ಕುಸಿದರು. ಅಲ್ಲಿ ಆಂಬ್ಯುಲೆನ್ಸ್ ಇರಲಿಲ್ಲ. ಆಟೊರಿಕ್ಷಾದಲ್ಲಿ ಸಾಗಿಸಬೇಕಾಯಿತು, ಜೀವ ಉಳಿಯಲಿಲ್ಲ. ಅದು ತಲೆಯ ಪೆಟ್ಟಲ್ಲ. ಆದರೆ ರಾಜಧಾನಿಯಲ್ಲಿಯೇ ಹಾಗಾದರೆ ನಮ್ಮಲ್ಲಿ ಪಂದ್ಯಕ್ಕೆ ಮೊದಲೇ ಒಂದು ಕಾರನ್ನೂ ಚಾಲಕನನ್ನೂ ಗೊತ್ತುಮಾಡಿ, ದಾರಿಗೆ ಅಡ್ಡವಾಗಿ ಟ್ರ್ಯಾಕ್ಟರ್ ನಿಲ್ಲದಂತೆ ನೋಡಿಕೊಳ್ಳುವುದು ಅತಿಯಾಗದು.

ಮನೆಗೆ ಮರಳಿದ ಮಗುವನ್ನು ಮೊದಲ ರಾತ್ರಿ ಒಂಟಿಯಾಗಿ ಬಿಡಬಾರದು. ಒಂದೆರಡು ದಿನ ಸಾಧಾರಣ ವಿಶ್ರಾಂತಿ, ಮೊಬೈಲ್ ಮಿತ, ಆಮೇಲೆ ನಡಿಗೆ, ತಲೆನೋವು ಹೆಚ್ಚದಿದ್ದರೆ ಶಾಲೆ, ತರುವಾಯ ಹಗುರ ಓಟ. ಎದುರಾಳಿಯೊಡನೆ ಸೆಣಸುವ ಆಟ ಕಟ್ಟಕಡೆಗೆ, ಅದೂ ವೈದ್ಯರು ಒಪ್ಪಿದ ಮೇಲೆ. ಕತ್ತಲೆಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೂ ತಪ್ಪು. ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಸದಸ್ಯರು ಇದನ್ನು ಶಿಕ್ಷಕರಿಗೆ ತಿಳಿಸಿದರೆ, ಆ ಹುಡುಗನಿಗೆ ಸಿಕ್ಕ ಸೋಮಾರಿಯೆಂಬ ಪಟ್ಟ ಇನ್ನೊಬ್ಬನಿಗೆ ಸಿಗಲಾರದು.

ಪಂದ್ಯಾವಳಿಗೆ ಅನುಮತಿ ಕೋರುವ ಅರ್ಜಿಗಳು ನಮ್ಮ ಕಚೇರಿಗೆ ಬರುತ್ತವೆ. ಧ್ವನಿವರ್ಧಕಕ್ಕೆ ಷರತ್ತು ಹಾಕುತ್ತೇವೆ, ಶುಲ್ಕ ಪಡೆಯುತ್ತೇವೆ. ಅದೇ ಪತ್ರದಲ್ಲಿ ಇನ್ನೊಂದು ಷರತ್ತು ಸೇರಿಸಬೇಕೆಂಬುದು ನನ್ನ ಕೋರಿಕೆ: ತಲೆಗೆ ಪೆಟ್ಟು ಬಿದ್ದ ಆಟಗಾರನನ್ನು ಆ ದಿನ ಮತ್ತೆ ಆಡಿಸತಕ್ಕದ್ದಲ್ಲ, ಈ ತೀರ್ಮಾನ ಕೈಗೊಳ್ಳಲು ತಂಡಕ್ಕೆ ಸೇರದ ಒಬ್ಬರನ್ನು, ಸಾಧ್ಯವಾದರೆ ಸಮುದಾಯ ಆರೋಗ್ಯಾಧಿಕಾರಿಯನ್ನು ಅಥವಾ ಆಶಾ ಕಾರ್ಯಕರ್ತೆಯನ್ನು, ಹೆಸರಿಸತಕ್ಕದ್ದು. ತಂಡದ ನಾಯಕನಿಗೆ ಈ ಅಧಿಕಾರ ಬೇಡ; ಗೆಲ್ಲುವ ಹಂಬಲವುಳ್ಳವನ ಕಣ್ಣಿಗೆ ಪೆಟ್ಟು ಕಾಣಿಸುವುದಿಲ್ಲ. ನಿರ್ಣಯದ ಕರಡನ್ನು ಮಾನ್ಯ ಅಧ್ಯಕ್ಷರ ಮುಂದೆ ಇರಿಸಿದ್ದೇನೆ. ಗಣೇಶನ ಹಬ್ಬದ ಪಂದ್ಯಗಳ ಅರ್ಜಿಗಳು ಬರುವುದಕ್ಕೆ ಮುನ್ನ ತಾವುಗಳು ಇದನ್ನು ತಮ್ಮ ಸಾಮಾನ್ಯ ಸಭೆಗಳಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.