ನೀರಿನ ಮೇಲೆ ದಾರಿ ಬಿಡಬೇಕಾದವರು ಯಾರು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2024ರ ಜೂನ್ 8ರ ಮಧ್ಯಾಹ್ನ ಕೆನಡಾದ ವ್ಯಾಂಕೂವರ್ ಬಂದರಿನಲ್ಲಿ ಪುಟ್ಟ ಜಲವಿಮಾನವೊಂದು ಮೇಲೇರಲೆಂದು ನೀರಿನ ಮೇಲೆ ಓಡುತ್ತಿತ್ತು. ಬೀವರ್ ಮಾದರಿಯ ಆ ವಿಮಾನದಲ್ಲಿ ಚಾಲಕನೂ ಐವರು ಪ್ರಯಾಣಿಕರೂ ಇದ್ದರು. ಮುಂದೆ ಒಂದು ವಿಹಾರದೋಣಿ ಅಡ್ಡ ಹಾಯುತ್ತಿತ್ತು. ಎರಡೂ ಡಿಕ್ಕಿ ಹೊಡೆದವು. ವಿಮಾನದಲ್ಲಿದ್ದ ಆರೂ ಮಂದಿ ಪಾರಾದರು, ದೋಣಿಯಲ್ಲಿದ್ದವರಿಗೆ ಗಾಯಗಳಾದವು. ಪ್ರಾಣಹಾನಿಯಾಗಲಿಲ್ಲ.

ಅದು ನೋಡುವವರಿಲ್ಲದ ನೀರಲ್ಲ. ಬಹುಮಹಡಿ ಕಟ್ಟಡದ ನೆತ್ತಿಯ ಮೇಲಿನ ಗೋಪುರದಿಂದ ಅಲ್ಲಿನ ವಿಮಾನಗಳ ನಿಯಂತ್ರಣ ನಡೆಯುತ್ತದೆ. ದೋಣಿಯ ಬಗ್ಗೆ ಚಾಲಕನಿಗೆ ಎಚ್ಚರಿಕೆಯೂ ಹೋಗಿತ್ತು. ಆದರೂ ಅಪಘಾತವಾಯಿತು.

ಜಲವಿಮಾನದ ಸ್ವಭಾವವನ್ನರಿತರೆ ಇದು ಅಷ್ಟು ಆಶ್ಚರ್ಯವಲ್ಲ. ನೆಲದ ಮೇಲಿನ ಗಾಲಿಗಿರುವ ಬ್ರೇಕು ನೀರಿನಲ್ಲಿ ತೇಲುವ ಫ್ಲೋಟುಗಳಿಗಿಲ್ಲ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಪ್ರೊಪೆಲ್ಲರ್ ವಿಮಾನವನ್ನು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ಟ್ವಿನ್ ಒಟರ್‌ನಂತಹ ವಿಮಾನಗಳು ಪ್ರೊಪೆಲ್ಲರಿನ ಅಲಗಿನ ಕೋನ ಬದಲಿಸಿ ಹಿಂದಕ್ಕೆ ಜಗ್ಗಬಲ್ಲವು. ಬೀವರ್‌ಗೆ ಆ ಅನುಕೂಲವಿಲ್ಲ. ನಿಧಾನ ಚಲನೆಯಲ್ಲಿ ಗಾಳಿ ಜೋರಾದರೆ ವಿಮಾನ ತನ್ನ ಮೂತಿಯನ್ನು ಗಾಳಿ ಬರುವ ಕಡೆಗೇ ಹೊರಳಿಸುತ್ತದೆ. ಫ್ಲೋಟಿನ ಹಿಂದಿನ ಚಿಕ್ಕ ಚುಕ್ಕಾಣಿಗಳು ಆಗ ಸಾಲವು. ಇನ್ನು ವೇಗ ಹೆಚ್ಚಿಸುವಾಗ ಮೂತಿ ಮೇಲೇಳುವುದರಿಂದ, ಕೆಲವು ಕ್ಷಣ ಚಾಲಕನಿಗೆ ಎದುರಿನ ನೀರೇ ಸರಿಯಾಗಿ ಕಾಣದು.

ಈ ಕಾರಣಕ್ಕೋ ಏನೋ, 1972ರ ಅಂತರರಾಷ್ಟ್ರೀಯ ನೌಕಾ ನಿಯಮಗಳು ನೀರಿನ ಮೇಲಿರುವ ಜಲವಿಮಾನವನ್ನೂ ಒಂದು ನೌಕೆಯೆಂದೇ ಎಣಿಸಿವೆ. ಅಷ್ಟೇ ಅಲ್ಲ, ಸಾಮಾನ್ಯವಾಗಿ ಅದು ಉಳಿದೆಲ್ಲ ನೌಕೆಗಳಿಂದ ದೂರವಿದ್ದು, ಅವುಗಳ ಸಂಚಾರಕ್ಕೆ ಅಡ್ಡಿಯಾಗಬಾರದೆಂದು ವಿಧಿಸಿವೆ. ದಾರಿ ಬಿಡಬೇಕಾದುದು ವಿಮಾನ, ದೋಣಿಯಲ್ಲ. ಆದರೆ ಈ ನಿಯಮದ ವ್ಯಾಪ್ತಿ ಸಮುದ್ರ ಮತ್ತು ಅದಕ್ಕೆ ಕೂಡಿದ, ಕಡಲ ಹಡಗು ಓಡಾಡಬಲ್ಲ ನೀರಿಗೆ ಸೀಮಿತ. ಬೆಟ್ಟದ ನಡುವೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿಗೆ ಅದು ತಾನಾಗಿ ಅನ್ವಯಿಸದು.

ಈ ಮಾತು ಇಲ್ಲೇಕೆಂದರೆ, ಜಲವಿಮಾನ ಈಗ ಪಶ್ಚಿಮಘಟ್ಟವನ್ನೂ ಏರಿದೆ. 2024ರ ನವೆಂಬರ್ 11ರಂದು ಕೊಚ್ಚಿಯಿಂದ ಹೊರಟ ಟ್ವಿನ್ ಒಟರ್ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿ ಜಲಾಶಯದಲ್ಲಿ ಪ್ರಾಯೋಗಿಕವಾಗಿ ಇಳಿಯಿತು. ಆ ನೀರನ್ನು ಆನೆಗಳು ದಾಟುತ್ತವೆಂದು ಅರಣ್ಯ ಇಲಾಖೆ ಆತಂಕ ತೋಡಿಕೊಂಡಿತು. ಆನೆಗೆ ಗೋಪುರದ ಎಚ್ಚರಿಕೆ ಕೇಳಿಸದಷ್ಟೆ!

ಕರ್ನಾಟಕದ ಜಲಾಶಯಗಳಿಗೂ ಜಲವಿಮಾನ ತರುವ ಮಾತು ಕೇಳಿಬಂದಿದೆ. ಅಂತಹ ಪ್ರಸ್ತಾವ ಬಂದಾಗ ಗ್ರಾಮಸಭೆ ಮೊದಲು ಕೇಳಬೇಕಾದುದು ಟಿಕೆಟಿನ ದರವನ್ನಲ್ಲ. ಬಲೆ ಬೀಸುವ ತೆಪ್ಪಕ್ಕೆ ಎಂಜಿನ್ನಿಲ್ಲ, ರೇಡಿಯೋ ಇಲ್ಲ. ಅದಕ್ಕೆ ವಿಮಾನ ಬರುವ ಸುದ್ದಿಯನ್ನು ಯಾರು, ಹೇಗೆ ಮುಟ್ಟಿಸುತ್ತಾರೆ? ವಿಮಾನಕ್ಕೆಂದು ನೀರನ್ನು ಗುರುತು ಹಾಕಿದರೆ ಆಚೆ ದಡದ ಹಳ್ಳಿಯವರು ಎಲ್ಲಿ ದಾಟಬೇಕು? ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದಾಗ, ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳು ತಲೆಯೆತ್ತುತ್ತವೆ. ನೀರು ಇನ್ನೂ ಅರ್ಧ ಇಳಿದಿರುವಾಗ ಅವು ಕಣ್ಣಿಗೆ ಬೀಳದೆ, ಮೇಲ್ಮೈಯ ಗೇಣು ಕೆಳಗೇ ನಿಂತಿರುತ್ತವೆ.